ಒಂದು ಗೇಣು ಬಿಳುಪು

ಛತ್ರಪತಿ ಸಂಭಾಜಿನಗರ
6 ಅಕ್ಟೋಬರ್ 2024

ಚಿ. ಪ್ರಾಚಿಗೆ ನಾಗಮ್ಮನ ಆಶೀರ್ವಾದಗಳು.

‘ಚಿ.’ ಆದ ಮೇಲೆ ಕೈ ತನ್ನಷ್ಟಕ್ಕೆ ‘ಸೌ.’ ಎಂದು ಬರೆಯಿತು, ಹೊಡೆದು ಹಾಕಿದ್ದೇನೆ. ಸಿಟ್ಟಾಗಬೇಡ, ಆರು ವರ್ಷದ ರೂಢಿ. ಫೋನು ಮಾಡೋಣವೆಂದರೆ ಮಗ ಸಂಗಮನಾಥ ನನ್ನ ಫೋನನ್ನು ದಿನಾ ತಿರುವಿ ನೋಡುತ್ತಾನೆ. ಅದಕ್ಕೇ ನೀನು ಕೆಲಸ ಮಾಡುವ ಔಷಧಿ ಅಂಗಡಿಯ ವಿಳಾಸಕ್ಕೆ ಬರೆಯುತ್ತಿದ್ದೇನೆ. ಉತ್ತರ ಬರೆಯುವ ಮನಸ್ಸಾದರೆ ನಮ್ಮ ಓಣಿಯ ಮಹಿಬೂಬನ ಮೆಡಿಕಲ್‌ಗೆ ಬರೆ. ನನ್ನ ಬಿ.ಪಿ. ಗುಳಿಗೆಯ ಚೀಲದೊಳಗೆ ಇಟ್ಟು ಕೊಡುತ್ತೇನೆ ಎಂದಿದ್ದಾನೆ.

ವಿಷಯಕ್ಕೆ ಬರುತ್ತೇನೆ. ನಿನ್ನೆ ಸಟಾಣಾದಿಂದ ನಮ್ಮ ಯಜಮಾನರಿಗೆ ಫೋನು ಬಂತು. ಗೋದಾವರಿಬಾಯಿ ಎನ್ನುವವರು, ದಾಳಿಂಬೆ ತೋಟದ ಮಂದಿ. ತಮ್ಮ ಮಗ ಶಶಿಕಾಂತನಿಗೆ ನಿನ್ನನ್ನು ಕೇಳಿದ್ದಾರಂತೆ. ನಮ್ಮವರ ಪದ್ಧತಿ ನಿನಗೆ ಗೊತ್ತು. ಎರಡನೇ ಸಂಬಂಧವಾದರೆ ಹುಡುಗಿ ಬಿಟ್ಟುಬಂದ ಮನೆಗೆ ಹೋಗಿ, ‘ಹುಡುಗಿ ಹ್ಯಾಂಗಿದ್ದಳು’ ಎಂದು ಕೇಳಿಯೇ ಮುಂದಿನ ಮಾತು. ಅವರು ನವೆಂಬರ್ ಇಪ್ಪತ್ತನಾಲ್ಕನೇ ತಾರೀಖು ರವಿವಾರ ಬರುತ್ತಾರೆ. ಈ ಮನೆಯವರು ಮೂಗು ಮುರಿದರೆ ನಿನ್ನ ಸಂಬಂಧ ಅಲ್ಲಿಗೇ ಮುಗಿಯಿತು. ಏನು ಹೇಳಬೇಕೆಂದು ನಮ್ಮವರು ಮತ್ತು ಸಂಗಮನಾಥ ಈಗಲೇ ಗೊತ್ತುಮಾಡಿಕೊಂಡಿದ್ದಾರೆ. ನನ್ನನ್ನು ಯಾರೂ ಕೇಳಿಲ್ಲ.

ಆದರೆ ಆ ದಿನ ನಾನು ಎದುರಿಗೆ ಕೂಡಬೇಕೆಂದಿದ್ದೇನೆ. ಕೂಡಲು ನನ್ನ ತಲೆಯೇ ಅಡ್ಡ ಬಂದಿದೆ. ನೀನು ಹೋದ ಮೇಲೆ ನಾನು ಬಣ್ಣ ಹಚ್ಚಿಸಿಕೊಂಡಿಲ್ಲ. ಬೈತಲೆಯಿಂದ ಕಿವಿಯ ಕೆಳಗಿನವರೆಗೆ ಬೆಳ್ಳಗಾಗಿದೆ, ಅಲ್ಲಿಂದ ಕೆಳಗೆ ಇನ್ನೂ ಕಪ್ಪು. ಕೈ ಹಚ್ಚಿ ಅಳೆದೆ. ಬಿಳುಪು ಸರಿಯಾಗಿ ಒಂದು ಗೇಣು. ನೀನು ಹೋಗಿ ಒಂದು ಗೇಣಾಯಿತು.

ತುರುಬು ಕಟ್ಟಿದರೆ ತಲೆ ಬಿಳಿ, ತುರುಬು ಕರಿ. ಓಣಿಯ ಹೆಂಗಸರು ‘ಚೌರಿ ಎಲ್ಲಿ ತಂದ್ರಿ ನಾಗಮ್ಮ’ ಎಂದು ಕೇಳುತ್ತಾರೆ. ಇಂಥ ಸೋಗು ಹಾಕಿಕೊಂಡವಳ ಮಾತನ್ನು ಬಂದವರು ನಂಬುವುದುಂಟೆ? ಅವರ ಮುಂದೆ ಹಿರಿಯಳಾಗಿ, ಪೂರಾ ಬೆಳ್ಳಗಾಗಿ ಕೂಡಬೇಕು. ಮನೆಯಲ್ಲಿರುವ ಸಾಮಾನಿನಿಂದಲೇ ಈ ಕಪ್ಪು ತೆಗೆಯುವುದು ಹೇಗೆ, ಹೇಳು. ಪಾರ್ಲರಿಗೆ ಹೋದರೆ ಯಾಕೆ ಏನು ಎಂದು ನೂರು ಪ್ರಶ್ನೆ. ಹಚ್ಚಿದವಳು ನೀನು, ತೆಗೆಯುವುದೂ ನಿನಗೇ ಗೊತ್ತಿರುತ್ತದೆ.

ನಿನ್ನ, ಏನೆಂದು ಬರೆಯಲಿ,
ನಾಗಮ್ಮ


ನಾಶಿಕ
14 ಅಕ್ಟೋಬರ್ 2024

ಶ್ರೀಮತಿ ನಾಗಮ್ಮನವರಿಗೆ,

ನಿಮ್ಮ ಪತ್ರ ತಲುಪಿತು. ಕೂದಲಿನ ಬಗ್ಗೆ ಕೇಳಿದ್ದೀರಿ, ಅದಕ್ಕೆ ಮಾತ್ರ ಉತ್ತರ ಬರೆಯುತ್ತೇನೆ.

ಎಲ್ಲಕ್ಕಿಂತ ಸುಲಭ, ಕಪ್ಪು ಭಾಗ ಕತ್ತರಿಸಿ. ಅದು ಬೇಡವೆಂದರೆ ವಿಟಮಿನ್ ಸಿ ಗುಳಿಗೆ ತನ್ನಿ, ಚೀಪುತ್ತಾರಲ್ಲ ಅವು. ಇಪ್ಪತ್ತು ಗುಳಿಗೆ ಕುಟ್ಟಿ, ಹೊಟ್ಟಿನ ಶಾಂಪೂದಲ್ಲಿ ಕಲಸಿ, ಕಪ್ಪು ಇರುವಲ್ಲಿ ಮಾತ್ರ ಹಚ್ಚಿ. ಪ್ಲಾಸ್ಟಿಕ್ ಚೀಲ ಕಟ್ಟಿ ಮುಕ್ಕಾಲು ತಾಸು ಬಿಡಿ. ತೊಳೆದ ಮೇಲೆ ಕೊಬ್ಬರಿ ಎಣ್ಣೆ. ವಾರಕ್ಕೆ ಒಂದು ಸಲ, ಹೆಚ್ಚು ಬೇಡ. ಪೂರಾ ಬಿಳಿ ಆಗುವುದಿಲ್ಲ, ತಿಳಿ ಕಂದು ಆಗಬಹುದು. ಗಾಯ ತೊಳೆಯುವ ಪೆರಾಕ್ಸೈಡ್ ಬಾಟಲಿ ನಿಮ್ಮ ಕಪಾಟಿನಲ್ಲಿ ಇದೆ, ಯಾರಾದರೂ ಅದನ್ನು ಹಚ್ಚು ಎಂದು ಹೇಳಬಹುದು. ಅದನ್ನು ಮುಟ್ಟಬೇಡಿ. ಚರ್ಮ ಸುಡುತ್ತದೆ, ಕೂದಲು ಕೆಂಪಾಗುತ್ತದೆ.

ಸಟಾಣಾದವರ ಮುಂದೆ ಕೂಡುವ ತೊಂದರೆ ನೀವು ತೆಗೆದುಕೊಳ್ಳಬೇಕಾಗಿಲ್ಲ. ನಾನು ಕೆಲಸಕ್ಕೆ ಸೇರಿದೆ ಎಂದು ನಿಮ್ಮ ಮಗ ಎರಡು ವರ್ಷ ನನ್ನ ಜೊತೆ ಒಂದು ಶಬ್ದ ಆಡಲಿಲ್ಲ. ‘ಅಕಿಗೆ ಹೇಳು, ಅಂಗಿ ಇಸ್ತ್ರಿ ಆಗಿಲ್ಲ’ ಎಂದು ಹಾಲ್‌ನಿಂದ ನಿಮಗೆ ಹೇಳುತ್ತಿದ್ದರು, ನೀವು ಅಡುಗೆಮನೆಗೆ ಬಂದು ನನಗೆ ಹೇಳುತ್ತಿದ್ದಿರಿ. ನಾನು ಹೊರಟ ದಿನ ನನ್ನ ಅಪ್ಪನ ಎದುರು ನಿಮ್ಮನ್ನು ಕೇಳಿದೆ, ‘ಅತ್ತಿ, ನೀವರೆ ಹೇಳ್ರಿ.’ ನೀವು ನೆಲ ನೋಡುತ್ತ ‘ನನಗೇನು ಗೊತ್ತು’ ಎಂದಿರಿ.

ಆ ದಿನವೂ ಅದನ್ನೇ ಹೇಳಿ. ಸಾಕು.

ಪ್ರಾಚಿ ಶಿವರಾಯ


ಸಂಭಾಜಿನಗರ
21 ಅಕ್ಟೋಬರ್ 2024

ಚಿ. ಪ್ರಾಚಿಗೆ ಆಶೀರ್ವಾದ.

ಮಹಿಬೂಬನ ಅಂಗಡಿಯಿಂದ ಗುಳಿಗೆ ತಂದೆ. ‘ಇಷ್ಟ್ಯಾಕ್ರಿ ಅಮ್ಮಾ, ನೆಗಡಿ ಭಾಳ ಆಗ್ಯಾದ?’ ಎಂದ. ತಲೆಗೆ ಎಂದೆ. ತಲೆನೋವೆಂದು ತಿಳಿದು ಅದಕ್ಕೆ ಬೇರೆ ಗುಳಿಗೆ ಕೊಡಲು ಹೋದ. ಮಗ್ಗಲ ಮನೆಯಲ್ಲಿ ಕಲ್ಲು ಇಸಿದುಕೊಂಡು ಕುಟ್ಟುವಷ್ಟರಲ್ಲಿ ನಮ್ಮ ಯಜಮಾನ ಮನ್ಮಥಪ್ಪನವರು ಬಂದು ಎರಡು ಎತ್ತಿ ಬಾಯಿಗೆ ಹಾಕಿಕೊಂಡು, ‘ಪೆಪ್ಪರಮಿಂಟ್ ಛಲೋ ಅದ’ ಎಂದರು. ಇರಲಿ ಎಂದು ಸುಮ್ಮನಾದೆ.

ಮಾಳಿಗೆಯ ಮೇಲೆ ಕೂತು ಹಚ್ಚಿಕೊಂಡೆ. ನೊರೆ ಕಂದು ಬಂತು, ಆಮೇಲೆ ಕಪ್ಪು ಇಳಿಯಿತು. ಈಗ ಗಟ್ಟಿ ಚಹಾದ ಬಣ್ಣ. ಆದರೆ ನನ್ನ ಕೈಗೆ ನಿನ್ನ ನಾಜೂಕು ಎಲ್ಲಿಂದ ಬರಬೇಕು? ಕಿವಿ, ಕುತ್ತಿಗೆ, ಕುಪ್ಪಸ ಎಲ್ಲಾ ಶಾಂಪೂ. ನೀನು ಹಚ್ಚುವಾಗ ಹಳೆ ಹಲ್ಲುಜ್ಜುವ ಬ್ರಶ್ಶಿನಿಂದ ಒಂದೊಂದೇ ಎಳೆ ಬಿಡಿಸುತ್ತಿದ್ದೆ. ಆರು ವರ್ಷದಲ್ಲಿ ಒಂದು ಹನಿ ನನ್ನ ಹಣೆಗೆ ಇಳಿದಿದ್ದು ನೆನಪಿಲ್ಲ. ಅಂಥ ಕೈ ನಾನು ಬೇರೆ ನೋಡಿಲ್ಲ. ನಿನ್ನ ಎದುರಿಗೆ ಒಮ್ಮೆಯೂ ಹೇಳಲಿಲ್ಲ ನೋಡು, ಈಗ ಬರೆಯುತ್ತಿದ್ದೇನೆ.

ಕತ್ತರಿಸು ಎಂದಿದ್ದಿ. ಗಂಡ ಗಟ್ಟಿಯಾಗಿರುವಾಗ ಮುತ್ತೈದೆ ಕೂದಲು ಕತ್ತರಿಸಿಕೊಂಡರೆ ಈ ಮನೆಯಲ್ಲಿ ಪ್ರಳಯವಾಗುತ್ತದೆ. ಜೊತೆಗೆ ಆಸೆಯೂ ಇದೆ, ಸುಳ್ಳು ಯಾಕೆ ಹೇಳಲಿ. ಸೊಂಟದ ತನಕ ಕೂದಲಿರುವ ಅರವತ್ತಮೂರರ ಹೆಂಗಸು ಈ ಓಣಿಯಲ್ಲಿ ನಾನೊಬ್ಬಳೇ.

ನಿನ್ನ ಕೊನೆಯ ಮಾತಿಗೆ ಪತ್ರದಲ್ಲಿ ಉತ್ತರ ಬರೆಯುವುದಿಲ್ಲ. ಬರೆದರೆ ಅಗ್ಗವಾಗುತ್ತದೆ. ಇಪ್ಪತ್ತನಾಲ್ಕನೇ ತಾರೀಖು ಕೊಡುತ್ತೇನೆ.

ಶಶಿಕಾಂತ ಎನ್ನುವವರು ಹೇಗಿದ್ದಾರೆ? ಬರೆಯಬೇಕೆನಿಸಿದರೆ ಬರೆ.

ನಾಗಮ್ಮ


ನಾಶಿಕ
5 ನವೆಂಬರ್ 2024

ಅತ್ತೆಯವರಿಗೆ ನಮಸ್ಕಾರ.

ಎರಡು ಕಾಗದ ಹರಿದು ಮೂರನೆಯದು ಬರೆಯುತ್ತಿದ್ದೇನೆ. ಹೀಗೆ ಕರೆಯಬಹುದೋ ಇಲ್ಲವೋ, ಬೇರೆ ಹೆಸರು ಬಾಯಿಗೆ ಬರುವುದಿಲ್ಲ.

ದೀಪಾವಳಿಗೆ ಮಾಳಿಗೆ ಸ್ವಚ್ಛ ಮಾಡುವಾಗ ಬಳಪದಿಂದ ಬರೆಯುವ ನನ್ನ ಹಳೆ ಪಾಟಿ ಸಿಕ್ಕಿತು. ನಿಮ್ಮ ಮನೆಯಿಂದ ತಂದ ನಾಲ್ಕು ಸಾಮಾನಿನಲ್ಲಿ ಅದೂ ಒಂದು. ನಾನು ನಾಶಿಕದಲ್ಲಿ ಬೆಳೆದವಳು, ಅಪ್ಪ ಅಮ್ಮ ಕನ್ನಡ ಮಾತಾಡಿದರೆ ಮರಾಠಿಯಲ್ಲಿ ಉತ್ತರ ಕೊಡುತ್ತಿದ್ದೆ. ನನಗೆ ಕನ್ನಡ ಬರೆಯಲು ಕಲಿಸಿದವರು ನೀವು. ಬಣ್ಣ ಹತ್ತಲು ನಲವತ್ತು ನಿಮಿಷ ಬೇಕು, ಸುಮ್ಮನೆ ಯಾಕೆ ಕೂಡುವುದು ಎಂದು ಪಾಟಿ ತರಿಸಿದಿರಿ. ತಲೆಗೆ ಪ್ಲಾಸ್ಟಿಕ್ ಚೀಲ ಕಟ್ಟಿಕೊಂಡು, ಮಾಸ್ತರಿಣಿಯಂತೆ ಛಡಿ ಹಿಡಿದು, ‘ಳ ಬರದು ತೋರಸು’ ಎನ್ನುತ್ತಿದ್ದಿರಿ. ಇವತ್ತು ಔಷಧಿ ಅಂಗಡಿಗೆ ಕಲಬುರಗಿ ಕಡೆಯ ಮುದುಕರು ಬಂದರೆ ಯಾವ ಗುಳಿಗೆ ಯಾವಾಗ ಎಂದು ಕನ್ನಡದಲ್ಲಿ ಬರೆದುಕೊಡುತ್ತೇನೆ. ಅವರು ಕೈ ಮುಗಿಯುತ್ತಾರೆ. ಆ ನಮಸ್ಕಾರ ನಿಮ್ಮದು.

ಶಶಿಕಾಂತ ತಾಯಿಯ ಸಕ್ಕರೆ ಕಾಯಿಲೆಯ ಔಷಧಿಗೆ ಬರುತ್ತಿದ್ದರು. ಹೆಂಡತಿ ತೀರಿಹೋಗಿ ನಾಲ್ಕು ವರ್ಷ. ತುಂಬಾ ಮಾತಾಡುತ್ತಾರೆ ಅತ್ತೆ. ದಾಳಿಂಬೆಗೆ ಬಂದ ರೋಗ, ಪಿಂಪಳಗಾಂವದ ಈರುಳ್ಳಿ ಟ್ರಕ್ಕುಗಳ ಸಾಲು, ಪಂಪಿನ ವೈರು ಕಡಿದ ಇಲಿ. ಇಲಿಯ ಕಥೆ ಅರ್ಧ ತಾಸು. ಅಮ್ಮ ‘ಇಷ್ಟ್ಯಾಕ ಮಾತಾಡ್ತಾನ’ ಎನ್ನುತ್ತಾಳೆ. ನಾನು ಆ ಇಲಿಯ ಕಥೆ ಎರಡು ಸಲ ಹೇಳಿಸಿಕೊಂಡೆ. ಒಬ್ಬ ಮನುಷ್ಯ ನನ್ನನ್ನು ನೋಡಿ ಇಷ್ಟು ಹೊತ್ತು ಮಾತಾಡಬಲ್ಲ ಎನ್ನುವುದು ನನಗೆ ಮರೆತೇ ಹೋಗಿತ್ತು.

ಈ ಸಂಬಂಧ ಆಗಲಿ ಎಂದು ನನಗೆ ಬಹಳ ಮನಸ್ಸಿದೆ. ಹೋದ ಪತ್ರದಲ್ಲಿ ಇಲ್ಲದವಳ ಹಾಗೆ ಬರೆದೆ.

ಕೂದಲಿಗೆ ಅವಸರ ಮಾಡಬೇಡಿ.

ಪ್ರಾಚಿ


ಸಂಭಾಜಿನಗರ
18 ನವೆಂಬರ್ 2024, ಸ್ಪೀಡ್ ಪೋಸ್ಟ್

ಪ್ರಾಚಿ,

ಬೈಯಬೇಡ. ಬೈದರೂ ಪೂರಾ ಓದಿ ಬೈ.

ನಾಲ್ಕು ವಾರ ಗುಳಿಗೆ ಹಚ್ಚಿದೆ. ಚಹಾದ ಬಣ್ಣಕ್ಕೇ ನಿಂತುಬಿಟ್ಟಿತು. ಉಳಿದಿದ್ದು ಆರು ದಿನ. ನಿನ್ನೆ ಇವರು ಅಂಗಡಿಗೆ ಹೋದ ಮೇಲೆ ಕಪಾಟು ತೆಗೆದೆ. ಸಂಗಮನಾಥ ಗಾಡಿಯಿಂದ ಬಿದ್ದಾಗ ಮೊಣಕಾಲು ತೊಳೆಯಲು ನೀನೇ ತಂದಿಟ್ಟ ಬಾಟಲಿ ಕಂಡಿತು. ನೀನು ಮುಟ್ಟಬೇಡ ಎಂದಿದ್ದೆ. ಮುಟ್ಟಿದೆ. ಮುಟ್ಟಿದ್ದಲ್ಲ, ಪೂರಾ ಸುರಿದುಕೊಂಡು ಅಡುಗೆ ಸೋಡಾ ಬೇರೆ ಬೆರೆಸಿ ಬಿಸಿಲಿಗೆ ಕೂತೆ. ಆತುರಗಾರನಿಗೆ ಬುದ್ಧಿ ಮಟ್ಟ ಎನ್ನುತ್ತಾರೆ, ನನ್ನಂಥವರನ್ನು ನೋಡಿಯೇ ಅಂದಿರಬೇಕು.

ಹುಣಸೆಹಣ್ಣು ಹಚ್ಚಿ ತಿಕ್ಕಿದ ತಾಮ್ರದ ಚರಿಗೆಯಂತೆ ಆಗಿದೆ ಕೂದಲು. ಮೇಲೆ ಒಂದು ಗೇಣು ಬಿಳಿ, ಕೆಳಗೆಲ್ಲ ಕಿತ್ತಳೆ ಕೆಂಪು. ಕುತ್ತಿಗೆಯ ಹಿಂದೆ ಉರಿಯುತ್ತಿದೆ. ಸೆರಗು ತೆಗೆಯದೆ ಓಡಾಡುತ್ತಿದ್ದೇನೆ, ಇವರು ಥಂಡಿ ಬಂದಿದೆಯೇ ಎಂದು ಕೇಳಿದರು.

ಈ ತಲೆ ಇಟ್ಟುಕೊಂಡು ನಾನು ಅವರ ಮುಂದೆ ಕೂತರೆ ನಿನಗೆ ಉಪಕಾರಕ್ಕಿಂತ ಅಪಕಾರವೇ ಆದೀತು ಎಂದು ಹೆದರಿಕೆಯಾಗಿದೆ. ಏನು ಮಾಡಲಿ?

ನಾಗಮ್ಮ


ನಾಶಿಕ
20 ನವೆಂಬರ್ 2024, ಸ್ಪೀಡ್ ಪೋಸ್ಟ್

ಅತ್ತೆ,

ಉರಿಯುವಲ್ಲಿ ತಣ್ಣೀರು ಹಾಕಿ, ಆಮೇಲೆ ಕೊಬ್ಬರಿ ಎಣ್ಣೆ. ಬೊಬ್ಬೆ ಎದ್ದರೆ ತಕ್ಷಣ ಡಾಕ್ಟರ ಬಳಿ ಹೋಗಿ. ಇನ್ನು ಬೇರೆ ಏನನ್ನೂ, ಏನನ್ನೂ ತಲೆಗೆ ಹಚ್ಚಬೇಡಿ. ಕೈ ಮುಗಿದು ಹೇಳುತ್ತೇನೆ.

ಪತ್ರ ಓದಿ ಮೊದಲು ಸಿಟ್ಟು ಬಂತು. ಆಮೇಲೆ ಔಷಧಿ ಅಂಗಡಿಯ ಹಿಂದೆ ಹೋಗಿ ನಕ್ಕೆ. ಆಮೇಲೆ ಅಳು ಬಂತು. ನನಗೋಸ್ಕರ ಯಾರೂ ಇಷ್ಟು ಕೆಟ್ಟದಾಗಿ ಕಾಣಿಸಿಕೊಂಡಿಲ್ಲ.

ನೀವು ಕೂಡದಿದ್ದರೂ ನಡೆಯುತ್ತದೆ. ನಿಮ್ಮ ಮೇಲೆ ನನಗೆ ಸಿಟ್ಟಿಲ್ಲ.

ಪ್ರಾಚಿ


ಸಂಭಾಜಿನಗರ
26 ನವೆಂಬರ್ 2024

ಚಿ. ಪ್ರಾಚಿಗೆ,

ನೀನು ಏನನ್ನೂ ಹಚ್ಚಬೇಡಿ ಎಂದಿದ್ದೆ. ಅದನ್ನೂ ಮೀರಿದೆ. ರವಿವಾರ ಬೆಳಿಗ್ಗೆ ಪೂಜೆಗೆ ಕೂತಾಗ ಹಣೆಗೆ ಹಚ್ಚುವ ಈಬತ್ತಿಯ ಗಟ್ಟಿ ಕೈಗೆ ಬಂತು. ಬೆಳ್ಳಗೆ, ನುಣ್ಣಗೆ. ಶಿವ ಶಿವಾ, ಬುದ್ಧಿ ಎಲ್ಲಿ ಹೋಗಿತ್ತೋ, ಅರ್ಧ ಗಟ್ಟಿ ಪುಡಿ ಮಾಡಿ ತುರುಬಿಗೆ ತಿಕ್ಕಿದೆ. ಬೆಳ್ಳಗಾಯಿತು. ಮೇಲೆ ಸೆರಗು ಹೊದ್ದು ಅಲುಗಾಡದೆ ಕೂತೆ.

ಗೋದಾವರಿಬಾಯಿ ಬಂದರು, ಜೊತೆಗೆ ಅವರ ಮೈದುನ ಪರಮೇಶ್ವರ ಎನ್ನುವವರು. ಅವರ ಮನೆಯಲ್ಲಿ ಮರಾಠಿ, ಆದರೆ ಬಾಯಿಯವರ ತವರು ಭಾಲ್ಕಿಯಂತೆ, ನಮ್ಮದೇ ಮಾತು. ನಮ್ಮ ಯಜಮಾನರು ಮೊದಲೇ ಹೊಂದಿಸಿದ್ದನ್ನು ಹೇಳಿದರು. ‘ಹುಡುಗಿ ಶಾಣ್ಯಾಕಿ ಅದಾಳ್ರಿ. ಖರೆ ಮನೀ ಕಡಿ ಲಕ್ಷ್ಯ ಕಮ್ಮಿ. ನಮ್ಮ ಹುಡುಗ ಬಡದಾಂವಲ್ಲ, ಬೈದಾಂವಲ್ಲ. ಅಕೀನೇ ಬಿಟ್ಟು ಹೋದಳು.’ ಸಂಗಮನಾಥ ತಲೆ ತಗ್ಗಿಸಿ ಪಾಪದವನ ಹಾಗೆ ಕೂತಿದ್ದ. ಪರಮೇಶ್ವರ ಚಹಾದ ಬಟ್ಟಲು ಕೆಳಗಿಟ್ಟು ಅತ್ತಿಗೆಯ ಮುಖ ನೋಡಿದರು. ನಿನ್ನ ಸಂಬಂಧ ಅಲ್ಲೇ ಮುರಿಯುತ್ತಿತ್ತು, ನಾನು ಕಣ್ಣಾರೆ ಕಂಡೆ.

ಹೊರಡುವವರಿಗೆ ಕುಂಕುಮ ಕೊಡಲು ಎದ್ದೆ. ಬಾಗಿದೆ ನೋಡು, ಸೆರಗು ಜಾರಿ ಈಬತ್ತಿ ಎಲ್ಲಾ ಗೋದಾವರಿಬಾಯಿಯ ಮಡಿಲಿಗೆ ಸುರಿಯಿತು. ಹಸಿರು ಸೀರೆ ತುಂಬ ಬೂದಿ.

‘ಅಯ್ಯ, ಏನ್ರಿ ಇದು?’
‘ಈಬತ್ತಿರಿ.’
‘ತಲ್ಯಾಗ?’

ಸಂಗಮನಾಥ ಎದ್ದು ‘ಅವ್ವಾ, ಒಳಗ ನಡಿ’ ಎಂದ. ಒಳಗೆ ಹೋಗಿದ್ದರೆ ನಾನು ಮತ್ತೆ ‘ನನಗೇನು ಗೊತ್ತು’ ಎಂದಂತೆಯೇ. ಹೋಗಲಿಲ್ಲ. ಅವರ ಎದುರಿಗೆ ಕೂತು ತುರುಬು ಬಿಚ್ಚಿಬಿಟ್ಟೆ. ಕೆಂಪು, ಬಿಳಿ, ಬೂದಿ ಎಲ್ಲಾ ಒಟ್ಟಿಗೆ.

‘ನಗಬ್ಯಾಡ್ರಿ ಬಾಯಿ’ ಎಂದೆ. ‘ನಿಮ್ಮ ಮುಂದ ಹಿರೇಳಾಗಿ ಕೂಡಬೇಕಂತ ಇಷ್ಟೆಲ್ಲಾ ಮಾಡ್ಕೊಂಡೀನಿ. ಈ ಕೆಂಪು ಮೊದಲ ಕರೀ ಇತ್ತು. ಅದನ್ನ ಹಚ್ಚಿದಾಕಿ ಪ್ರಾಚಿ. ಆರು ವರ್ಷ, ಹದಿನೈದು ದಿನಕ್ಕೊಮ್ಮೆ. ಅದರಾಗ ಕಡೀ ಎರಡು ವರ್ಷ ಈ ಮನ್ಯಾಗ ಗಂಡ ಅಕಿ ಸಂಗಾಟ ಒಂದು ಮಾತು ಆಡಿಲ್ಲ. ಬಡದಿಲ್ಲ, ಬೈದಿಲ್ಲ, ಖರೇನೇ. ನೌಕರಿಗಿ ಹೋದಳಂತ ಬಾಯಿ ಮುಚ್ಚಿಕೊಂಡ. ಅವನ ಮಾತು ಅಕಿಗಿ, ಅಕಿ ಮಾತು ಅವಗ ಹೊತ್ತಾಕಿ ನಾ. ಆವಾಗೂ ಅಕಿ ನನ್ನ ತಲಿ ಕೈ ಬಿಡಲಿಲ್ಲ. ಮಗನ ಸಿಟ್ಟು ತಾಯಿ ಮ್ಯಾಲ ತೀರಿಸಿಕೊಳ್ಳಲಿಲ್ಲ. ಹೋಗೂ ದಿನ, ನೀವರೆ ಖರೇ ಹೇಳ್ರಿ ಅಂತ ಕೇಳಿದಳು. ನನಗೇನು ಗೊತ್ತು ಅಂದೆ. ಎಲ್ಲಾ ಗೊತ್ತಿತ್ತು. ಈ ಬಿಳುಪು ಒಂದು ಗೇಣು ಅದ ನೋಡ್ರಿ, ಆ ಸುಳ್ಳು ಹೇಳಿ ಇಷ್ಟು ದಿನ ಆಯ್ತು. ಅಂಥ ಹುಡುಗಿ ನಿಮ್ಮ ಮನಿಗಿ ಬರೂದು ನಿಮ್ಮ ಪುಣ್ಯ. ನಾವು ಕಳಕೊಂಡಿವಿ.’

ಗೋದಾವರಿಬಾಯಿ ಸೀರೆ ಝಾಡಿಸುತ್ತಾರೆ ಎಂದುಕೊಂಡೆ. ಅವರು ಮಡಿಲಿಗೆ ಬಿದ್ದ ಈಬತ್ತಿಯನ್ನು ಮೂರು ಬೆರಳಿಗೆ ಹಚ್ಚಿಕೊಂಡು ಹಣೆಗೆ ಎಳೆದುಕೊಂಡರು. ‘ನಡಿ ಪರಮೇಶ್ವರ’ ಎಂದು ಎದ್ದು ಹೋದರು. ಏನು ತಿಳಿದುಕೊಂಡು ಹೋದರೋ ನನಗೆ ಗೊತ್ತಿಲ್ಲ. ಕೆಲಸ ಕೆಡಿಸಿದ್ದರೆ ಕ್ಷಮಿಸು.

ನಾಗಮ್ಮ


ನಾಶಿಕ
2 ಡಿಸೆಂಬರ್ 2024

ಪ್ರೀತಿಯ ಅತ್ತೆಗೆ,

ಶನಿವಾರ ಗೋದಾವರಿಬಾಯಿ ಮಗನನ್ನು ಕರೆದುಕೊಂಡು ನೇರ ಔಷಧಿ ಅಂಗಡಿಗೇ ಬಂದರು. ಚೀಲದ ತುಂಬ ದಾಳಿಂಬೆ. ಗಿರಾಕಿಗಳು ನಿಂತಿದ್ದಾರೆ, ಇವರು ಕೌಂಟರಿನ ಒಳಗೇ ಬಂದು ನನ್ನ ತಲೆಯ ಮೇಲೆ ಕೈಯಿಟ್ಟು ಹೇಳಿದರು, ‘ಹೊಟ್ಟೀಲೆ ಹುಟ್ಟಿದ ಮಗನ ಮುಂದ ಕೂತು ಸೊಸಿ ಪರ ಖರೇ ಹೇಳಿದ ಅತ್ತಿ ಇಲ್ಲೀತನಕ ನಾ ನೋಡಿಲ್ಲ. ಅಂಥಾಕಿ ಹೊಗಳಿದ ಹುಡುಗಿ ನಮಗ ಬೇಕು.’ ಶಶಿಕಾಂತ ಆ ದಿನ ಮಾತ್ರ ಒಂದು ಮಾತೂ ಆಡಲಿಲ್ಲ. ಕಣ್ಣು ಒರೆಸಿಕೊಳ್ಳುತ್ತಿದ್ದರು.

ಫೆಬ್ರುವರಿ ಹದಿನಾರು, ರವಿವಾರ, ನಾಶಿಕದಲ್ಲೇ ಮದುವೆ. ನಾನು ನೀವು ಬರೆದದ್ದನ್ನು ಎಷ್ಟು ಸಲ ಓದಿದೆ ಎಂದು ಲೆಕ್ಕವಿಲ್ಲ. ನಿಮ್ಮಷ್ಟು ಧೈರ್ಯ ನನಗಿಲ್ಲ. ನಾನು ಆ ಮನೆ ಬಿಟ್ಟು ಬಂದು ಖರೇ ಹೇಳಿದೆ. ನೀವು ಅಲ್ಲೇ ಇದ್ದುಕೊಂಡು ಹೇಳಿದಿರಿ.

ಅವರು ಹೋದ ಮೇಲೆ ಮನೆಯಲ್ಲಿ ಏನಾಯಿತು? ಅದನ್ನು ನೀವು ಬರೆಯಲಿಲ್ಲ.

ಪ್ರಾಚಿ


ಸಂಭಾಜಿನಗರ
8 ಡಿಸೆಂಬರ್ 2024

ಚಿ. ಪ್ರಾಚಿಗೆ ಅನೇಕ ಆಶೀರ್ವಾದ.

ಪತ್ರ ಓದಿ ಮಹಿಬೂಬನ ಅಂಗಡಿಯಲ್ಲೇ ಕೂತು ಅತ್ತೆ. ಅವನು ಹೆದರಿ ಬಿ.ಪಿ. ನೋಡಿದ. ಬಿ.ಪಿ. ಸರಿಯಾಗಿದೆ.

ಮನೆಯಲ್ಲಿ ಗದ್ದಲವೇನೂ ಆಗಿಲ್ಲ. ಆಗಿದ್ದರೆ ಚಲೋ ಇತ್ತು. ಸಂಗಮನಾಥ ಆ ದಿನದಿಂದ ನನ್ನ ಜೊತೆ ಮಾತು ಬಿಟ್ಟಿದ್ದಾನೆ. ನಾನು ತಾಟು ಇಡುತ್ತೇನೆ, ಅವನು ಉಣ್ಣುತ್ತಾನೆ. ಉಪ್ಪು ಕಡಿಮೆಯಾದರೆ ಅಪ್ಪನ ಕಡೆ ತಿರುಗಿ ‘ಅಕಿಗೆ ಹೇಳ್ರಿ’ ಎನ್ನುತ್ತಾನೆ. ಈಗ ಇವರು ಹಾಲ್‌ನಿಂದ ಅಡುಗೆಮನೆಗೆ ಮಾತು ಹೊತ್ತುಕೊಂಡು ಬರುತ್ತಾರೆ. ಅತ್ತೆಗೊಂದು ಕಾಲ, ಸೊಸೆಗೊಂದು ಕಾಲ ಎನ್ನುತ್ತಾರೆ. ನಮ್ಮ ಮನೆಯಲ್ಲಿ ಇಬ್ಬರಿಗೂ ಒಂದೇ ಕಾಲ ಬಂತು.

ಇವತ್ತಿಗೆ ಹದಿನಾಲ್ಕು ದಿನ. ಹದಿನಾಲ್ಕೇ ದಿನಕ್ಕೆ ನನಗೆ ಒಬ್ಬಳೇ ಪಾತ್ರೆಗಳ ಜೊತೆ ಮಾತಾಡುವ ರೂಢಿಯಾಗಿದೆ. ನೀನು ಎರಡು ವರ್ಷ ಹೇಗಿದ್ದೆ, ಮಗಳೇ? ಎರಡೂ ಕೋಣೆಯ ನಡುವೆ ಓಡಾಡಿದವಳು ನಾನು, ನನಗೇ ತಿಳಿಯಲಿಲ್ಲವಲ್ಲ.

ಮದುವೆಗೆ ಬರುತ್ತೇನೆ. ಹೇಳಿಯೇ ಬರುತ್ತೇನೆ, ಕದ್ದು ಅಲ್ಲ. ಎಸ್.ಟಿ. ಬಸ್ಸಿನಲ್ಲಿ ಹೆಂಗಸರಿಗೆ ಅರ್ಧ ಟಿಕೀಟು. ಬಂದಾಗ ಒಂದು ಕೆಲಸ ಮಾಡಿಕೊಡು. ಈ ಕೆಂಪನ್ನು ಕತ್ತರಿಸಿಬಿಡು. ಸೊಂಟದ ತನಕದ ಕೂದಲಿನ ಆಸೆ ಮುಗಿಯಿತು. ಮುತ್ತೈದೆ ಕತ್ತರಿಸಬಾರದು ಎಂದು ಇವರು ಅನ್ನುತ್ತಾರೆ. ಅನ್ನಲಿ, ಮಾತಾದರೂ ಆಡಿದಂತಾಗುತ್ತದೆ.

ನಿನ್ನ
ನಾಗಮ್ಮ


ನಾಶಿಕ
15 ಡಿಸೆಂಬರ್ 2024

ಅವ್ವಾ,

ನಾನು ಎರಡು ವರ್ಷ ಹೇಗಿದ್ದೆ ಎಂದು ಕೇಳಿದ್ದೀರಿ. ನನಗೂ ಇಷ್ಟು ದಿನ ಗೊತ್ತಿರಲಿಲ್ಲ, ನಿಮ್ಮ ಪತ್ರ ಓದಿ ಯೋಚಿಸಿದೆ.

ಹದಿನೈದು ದಿನಕ್ಕೊಮ್ಮೆ ರವಿವಾರ ಮಾಳಿಗೆಯ ಮೇಲೆ ನಲವತ್ತು ನಿಮಿಷ ನೀವು ನನ್ನ ಜೊತೆ ಮಾತಾಡುತ್ತಿದ್ದಿರಿ. ನಿಮ್ಮ ತವರಿನ ಬಾವಿ, ಕದ್ದು ತಿಂದ ಹುಣಸೆಕಾಯಿ, ಏಳನೇ ಇಯತ್ತೆಗೆ ಶಾಲೆ ಬಿಡಿಸಿದಾಗ ಅತ್ತಿದ್ದು. ಆಮೇಲೆ ಹದಿನಾಲ್ಕು ದಿನ ನಾನು ಆ ಮಾತುಗಳನ್ನೇ ತಿರುಗಿಸಿ ಮುರುಗಿಸಿ ಕೇಳಿಸಿಕೊಳ್ಳುತ್ತಿದ್ದೆ. ನಿಮಗೆ ಬಣ್ಣ ಬೇಕಿತ್ತೋ ಇಲ್ಲವೋ, ನನಗೆ ಆ ನಲವತ್ತು ನಿಮಿಷ ಬೇಕಿತ್ತು. ಅದಕ್ಕೇ ಒಂದು ರವಿವಾರವೂ ತಪ್ಪಿಸಲಿಲ್ಲ.

ಮದುವೆಗೆ ಒಂದು ವಾರ ಮುಂಚೆಯೇ ಬನ್ನಿ. ಅಪ್ಪ ನಿಮಗೆ ಫೋನು ಮಾಡಿ ಕರೆಯುತ್ತಾರೆ, ಸಂಗಮನಾಥ ನೋಡಿದರೆ ನೋಡಲಿ. ಮಾಳಿಗೆಯ ಮೇಲೆ ಕುರ್ಚಿ ಹಾಕಿರುತ್ತೇನೆ, ಕತ್ತರಿಗೆ ಸಾಣೆ ಹಿಡಿಸಿದ್ದೇನೆ. ಕೆಂಪೆಲ್ಲ ತೆಗೆಯುತ್ತೇನೆ, ಬಿಳುಪಿನಲ್ಲಿ ಒಂದು ಎಳೆಯನ್ನೂ ಮುಟ್ಟುವುದಿಲ್ಲ. ಕತ್ತರಿಸಲು ಹತ್ತು ನಿಮಿಷ ಸಾಕು.

ಆದರೂ ನಲವತ್ತು ನಿಮಿಷ ಕೂಡಬೇಕು. ಈ ಸಲ ನಾನು ಮಾತಾಡುತ್ತೇನೆ.

ನಿಮ್ಮ
ಪ್ರಾಚಿ